ಮಳೆನೀರು ಪರ್ಮಿಟ್ ಕೆಲಸಕ್ಕೆ ಹೊರಗಿನ ಕನ್ಸಲ್ಟೆಂಟ್: ಏನು ಕೊಡಬಹುದು, ಏನು ಕೊಡಬಾರದು?

ಒಂಟಿ ಎಂಜಿನಿಯರ್
ಎಲ್ಲರಿಗೂ ನಮಸ್ಕಾರ. ಅಮೆರಿಕದ ಒಂದು ಸಣ್ಣ ನಗರದ ಪಬ್ಲಿಕ್ ವರ್ಕ್ಸ್ ಇಲಾಖೆಯಲ್ಲಿ ಕೆಲಸ ಮಾಡ್ತೀನಿ. ಇಲ್ಲಿನ ಸರ್ಕಾರಿ ಕೆಲಸದಲ್ಲಿರೋ ಕನ್ನಡದವರು ಈ ಗುಂಪಲ್ಲಿ ಸುಮಾರು ಜನ ಇದ್ದೀರಿ, ಹಾಗಾಗಿ ಕೇಳ್ತಿದ್ದೀನಿ.

ನಮ್ಮದು ಫೇಸ್ ಟೂ ಎಂಎಸ್4 ಪರ್ಮಿಟ್, ಅಂದ್ರೆ ಊರಿನ ಮಳೆನೀರಿನ ಮೋರಿಯಿಂದ ಹಳ್ಳಕ್ಕೆ ನೀರು ಬಿಡೋಕೆ ಸಣ್ಣ ನಗರಗಳಿಗೆ ಕೊಡೋ ಪರವಾನಗಿ. ಹದಿನೇಳು ವರ್ಷ ಇದನ್ನೇ ನೋಡ್ಕೊಂಡಿದ್ದ ಕೋಆರ್ಡಿನೇಟರ್ ಹೋದ ವರ್ಷ ರಿಟೈರ್ ಆದ್ರು. ಒಳ್ಳೇ ಮನುಷ್ಯ, ಆದ್ರೆ ಎಲ್ಲಾ ಅವರ ತಲೆಯಲ್ಲೇ ಇತ್ತು. ಉಳಿದಿದ್ದು ಒಂದು ಹಾರ್ಡ್ ಡಿಸ್ಕು, ಅದರಲ್ಲಿ "ಫೈನಲ್", "ಫೈನಲ್ ಹೊಸದು", "ಇದೇ ಫೈನಲ್" ಅಂತ ಮೂರು ಫೋಲ್ಡರ್. ಈಗ ರಾಜ್ಯದವರು ಆಡಿಟ್ ಮಾಡಿ ಹೋಗಿದ್ದಾರೆ. ಔಟ್‌ಫಾಲ್ (ಮೋರಿ ನೀರು ಹಳ್ಳಕ್ಕೆ ಬೀಳೋ ಬಾಯಿ) ಮ್ಯಾಪ್ ಅರ್ಧಂಬರ್ಧ, ಕಟ್ಟಡ ಸೈಟ್ ತಪಾಸಣೆಯ ದಾಖಲೆ ಅಲ್ಲೊಂದು ಇಲ್ಲೊಂದು, ಒಣದಿನದ ಸ್ಕ್ರೀನಿಂಗ್ (ಮಳೆ ಇಲ್ಲದ ದಿನ ಆ ಬಾಯಿಗಳಲ್ಲಿ ನೀರು ಬರ್ತಿದೆಯಾ ಅಂತ ನೋಡೋದು) ಎರಡು ವರ್ಷ ನಡೆದೇ ಇಲ್ಲ. ಉತ್ತರ ಕೊಡೋಕೆ ಗಡುವು ಇದೆ.

ನಮ್ಮ ಡೈರೆಕ್ಟರ್ ಹೇಳಿದ್ದು ಇಷ್ಟೇ: "ಕನ್ಸಲ್ಟೆಂಟ್ ಹಾಕ್ಕೊ, ಪೂರ್ತಿ ಅವರಿಗೇ ವಹಿಸಿಬಿಡು, ತಲೆನೋವು ಹೋಗ್ಲಿ." ಪೂರ್ತಿ ವಹಿಸೋದು ಸರೀನಾ? ಮಾಡಿದೋರು ಹೇಳಿ.

ಕೊಡೆ ಮರೆತವ
ತಲೆನೋವು ಹೋಗಲ್ಲ ಗುರು. ಅದಕ್ಕೆ ತಿಂಗಳ ಬಿಲ್ ಶುರುವಾಗುತ್ತೆ ಅಷ್ಟೆ.

ಹಳೇ ರೆಗ್ಯುಲೇಟರ್
ಒಂದು ರಾಜ್ಯದ ಪರ್ಮಿಟ್ ವಿಭಾಗದಲ್ಲಿ ಬಹಳ ವರ್ಷ ಕೂತು ಎದ್ದವನು ನಾನು. ಮೊದಲು ನಿಮ್ಮ ಡೈರೆಕ್ಟರಿಗೆ ಎರಡು ಕಾಗದ ಓದಿಸಿ.

ಒಂದು, ಫೆಡರಲ್ ನಿಯಮ 122.22. ಪರ್ಮಿಟ್ ಅರ್ಜಿಗೆ ಸಹಿ ಹಾಕಬೇಕಾದವರು ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಅಥವಾ ಚುನಾಯಿತ ಮುಖ್ಯಸ್ಥರು. ವಾರ್ಷಿಕ ವರದಿಗೆ ಅವರೋ, ಅವರು ಬರಹದಲ್ಲಿ ಅಧಿಕಾರ ಕೊಟ್ಟ ಜವಾಬ್ದಾರಿ ಹುದ್ದೆಯವರೋ ಹಾಕಬೇಕು. ಆ ಸಹಿಯ ಮೇಲಿನ ಒಕ್ಕಣೆ ಯಾರೂ ಓದೋದೇ ಇಲ್ಲ. ಇದು ನನ್ನ ಮೇಲ್ವಿಚಾರಣೆಯಲ್ಲಿ ತಯಾರಾಗಿದೆ, ಸುಳ್ಳು ಮಾಹಿತಿ ಕೊಟ್ಟರೆ ದಂಡ, ಜೈಲು ಎರಡೂ ಆಗಬಹುದು ಅಂತ ನನಗೆ ಗೊತ್ತಿದೆ, ಅನ್ನೋ ಅರ್ಥದ ಮಾತು ಅದು. ಮೇಲ್ವಿಚಾರಣೆಯನ್ನೇ ಮಾಡದೆ ಅದಕ್ಕೆ ಹೇಗೆ ಸಹಿ ಹಾಕ್ತೀರಿ?

ಎರಡು, 122.35. ಪರ್ಮಿಟ್ಟಿನ ಒಂದು ಭಾಗವನ್ನು ಬೇರೆಯವರ ಕೈಲಿ ಮಾಡಿಸಬಹುದು, ಅದಕ್ಕೆ ಅವಕಾಶ ಇದೆ. ಆದರೆ ಅವರು ಮಾಡದಿದ್ದರೆ ಹೊಣೆ ನಿಮ್ಮದೇ ಅಂತ ಅದೇ ನಿಯಮ ಹೇಳುತ್ತೆ. ಆಡಿಟ್‌ಗೆ ಹೋದಾಗ "ಅದು ಕನ್ಸಲ್ಟೆಂಟ್‌ಗೆ ಗೊತ್ತು" ಅನ್ನೋ ಉತ್ತರ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. ನಾನು ಅದನ್ನ "ಉತ್ತರ ಇಲ್ಲ" ಅಂತಲೇ ಬರ್ಕೊಳ್ತಿದ್ದೆ.

ಗುಡುಗು
ಹೊರಗಿನವನು, ತಪ್ಪು ತಿಳೀಬೇಡಿ. ಚರಂಡಿ ನೀರು ಹೇಗೂ ಶುದ್ಧೀಕರಣ ಘಟಕಕ್ಕೆ ಹೋಗುತ್ತಲ್ಲ? ಇದಕ್ಯಾಕೆ ಇಷ್ಟು ಪರ್ಮಿಟ್ಟು, ಆಡಿಟ್ಟು?

ನೀರುಗಂಟಿ
@ಗುಡುಗು ಇಲ್ಲ ಸರ್, ಹೋಗಲ್ಲ. ಹೆಚ್ಚಿನ ಊರುಗಳಲ್ಲಿ ಶೌಚದ ಕೊಳವೆ ಬೇರೆ, ಮಳೆನೀರಿನ ಮೋರಿ ಬೇರೆ. ಮೋರಿಗೆ ಬಿದ್ದಿದ್ದು ಸೀದಾ ಹಳ್ಳಕ್ಕೆ, ಮಧ್ಯೆ ಶೋಧನೆ ಇಲ್ಲ, ಏನಿಲ್ಲ. ಎರಡೂ ಒಂದೇ ಕೊಳವೆಯಲ್ಲಿ ಹೋಗೋ ಹಳೇ ಊರುಗಳು ದೇಶದಲ್ಲಿ ಸುಮಾರು 700 ಇವೆ, ಅವುಗಳ ಕಥೆಯೇ ಬೇರೆ. ಕ್ಲೀನ್ ವಾಟರ್ ಕಾಯ್ದೆ ಬಂದಿದ್ದು 1972ರಲ್ಲಿ, ಆಗ ಎಲ್ಲರ ಕಣ್ಣೂ ಫ್ಯಾಕ್ಟರಿ ಕೊಳವೆ ಮೇಲಿತ್ತು. ಮಳೆನೀರನ್ನ ಅದರೊಳಗೆ ಸರಿಯಾಗಿ ತಂದಿದ್ದು 1987ರ ತಿದ್ದುಪಡಿ. 1990ರಲ್ಲಿ ಲಕ್ಷಕ್ಕೆ ಮೇಲಿನ ಜನಸಂಖ್ಯೆಯ ಊರುಗಳಿಗೆ, 1999ರಲ್ಲಿ ಇವರಂಥ ಸಣ್ಣವಕ್ಕೆ.

ಗುಡುಗು
ಓ. ಹಾಗಾದ್ರೆ ನಾನು ಮನೆ ಮುಂದೆ ಕಾರ್ ತೊಳೆದ ಸೋಪ್ ನೀರು...?

ನೀರುಗಂಟಿ
ಹಳ್ಳದ ಮೀನಿಗೆ. ಹುಲ್ಲಿನ ಮೇಲೆ ನಿಲ್ಲಿಸಿ ತೊಳೀರಿ.

ಗಂಟೆ ಲೆಕ್ಕದವ
ಕನ್ಸಲ್ಟೆಂಟ್ ಕಡೆಯವನು ನಾನು, ಮೊದಲೇ ಹೇಳಿಬಿಡ್ತೀನಿ. ನಮ್ಮನ್ನೆಲ್ಲ ಕಳ್ಳರ ಥರ ನೋಡ್ಬೇಡಿ.

ನಾವು ಚೆನ್ನಾಗಿ ಮಾಡೋ ಕೆಲಸ ಇವೆ. ಔಟ್‌ಫಾಲ್‌ಗಳನ್ನ ಹುಡುಕಿ ಜಿಪಿಎಸ್ ಹಾಕಿ ಕಂಪ್ಯೂಟರ್ ನಕ್ಷೆಗೆ, ಅಂದ್ರೆ ಜಿಐಎಸ್‌ಗೆ ಏರಿಸೋದು. ಇಬ್ಬರು ಹುಡುಗರನ್ನ ಒಂದು ಬೇಸಿಗೆ ಬಿಟ್ಟರೆ ಮುಗಿಯುತ್ತೆ. ನೀವು ಒಬ್ಬರೇ ಕೂತರೆ ನಾಲ್ಕು ವರ್ಷ. ಟಿಎಂಡಿಎಲ್ (ಕಲುಷಿತ ಹಳ್ಳಕ್ಕೆ ಎಷ್ಟು ಮಾಲಿನ್ಯ ಸೇರಬಹುದು ಅನ್ನೋ ಮಿತಿ) ಇದ್ದರೆ ಅದರ ಮಾಡೆಲಿಂಗ್. ಬಾಕಿ ಬಿದ್ದ ಸ್ಕ್ರೀನಿಂಗ್. ಹೊಸ ಪರ್ಮಿಟ್ ಅವಧಿಗೆ ಮಳೆನೀರು ನಿರ್ವಹಣಾ ಯೋಜನೆಯನ್ನ ತಿದ್ದಿ ಬರೆಯೋದು. ಐದು ವರ್ಷಕ್ಕೊಮ್ಮೆ ಬರೋ ಕೆಲಸಕ್ಕೆ ನೀವು ಕಾಯಂ ನೌಕರನ್ನ ಇಟ್ಕೊಳ್ಳೋಕೆ ಆಗಲ್ಲ.

ನಮ್ಮ ಕಡೆಯ ಸಂಕಟಾನೂ ಕೇಳಿ. ಒಂದು ಊರಿನವರು ಒಪ್ಪಂದಕ್ಕೆ ಸಹಿ ಹಾಕಿ ಮಾಯ ಆದ್ರು. ಹಳೇ ಮ್ಯಾಪ್ ಕೇಳಿದ್ರೆ ಉತ್ತರ ಇಲ್ಲ, ಮ್ಯಾನ್‌ಹೋಲ್ ಕೀ ಯಾರ ಹತ್ರ ಇದೆ ಅಂದ್ರೆ ಉತ್ತರ ಇಲ್ಲ. ವರ್ಷದ ಕೊನೆಗೆ "ವರದಿ ಎಲ್ಲಿ?" ಅಂತ ಫೋನ್. ನಾನು ಬರೆದ ವರದಿಯನ್ನ ಅವರಲ್ಲಿ ಒಬ್ಬರೂ ಓದಲಿಲ್ಲ. ಹೇಗೆ ಗೊತ್ತು ಅಂದ್ರೆ, ಒಂದು ಪುಟದಲ್ಲಿ ಬೇರೆ ಊರಿನ ಹೆಸರು ಹಾಗೇ ಉಳಿದುಬಿಟ್ಟಿತ್ತು, ಎರಡು ವರ್ಷ ಹಾಗೇ ಹೋಯ್ತು.

ಕೊಡೆ ಮರೆತವ
@ಗಂಟೆ ಲೆಕ್ಕದವ ಕಾಪಿ ಪೇಸ್ಟ್ ಅಂತ ನೀವೇ ಒಪ್ಕೊಂಡ್ರಲ್ಲ ಸ್ವಾಮಿ 😄

ಗಂಟೆ ಲೆಕ್ಕದವ
ಟೆಂಪ್ಲೇಟ್ ಅನ್ನಿ, ಮರ್ಯಾದೆ ಇರುತ್ತೆ.

ಜೋಳದ ಸೀಮೆ
ನೋಡ್ರಿ, ಎಲ್ಲಾನೂ ಕೊಡಬ್ಯಾಡ್ರಿ. ನಮ್ಮಲ್ಲಿ ಕೊಟ್ಟು ಕೆಟ್ಟೀವಿ. ಮಳಿ ಬಂದಾಗ ಸ್ಯಾಂಪಲ್ ತಗಿಯೋ ಕೆಲಸ ಹೊರಗಿನವರಿಗೆ ಕೊಟ್ಟಿದ್ವಿ. ಅವರ ಆಫೀಸು ಎರಡು ತಾಸಿನ ದಾರಿ. ಹಿಂದಿನ 72 ತಾಸು ಒಣಾ ಇರಬೇಕು, ಮಳಿ 0.1 ಇಂಚಿಗೆ ಮ್ಯಾಲೆ ಆಗಬೇಕು, ನೀರು ಹರಿಯೋಕ ಹತ್ತಿದ ಮೊದಲ ಅರ್ಧ ತಾಸಿನಾಗ ಬಾಟ್ಲಿ ತುಂಬಬೇಕು. ಅವರು ಗಾಡಿ ಹತ್ತೋದ್ರಾಗ ಮಳಿ ನಿಂತಿರತಿತ್ತು. "ಮೊಬಿಲೈಸೇಶನ್" ಅಂತ ಬಿಲ್ ಮಾತ್ರ ಸರಿಯಾಗಿ ಬರತಿತ್ತು. ಒಂದು ಸಲ ಅಂತೂ ಸಿಕ್ತು ಅಂದ್ರ ಅದು ಶುಕ್ರವಾರ ಸಂಜಿ. ಇ. ಕೋಲಿ ಸ್ಯಾಂಪಲ್ ಆರು ತಾಸಿನಾಗ ಲ್ಯಾಬ್ ಸೇರಬೇಕ್ರಿ, ಲ್ಯಾಬ್ ಬಾಗಿಲಾ ಹಾಕಿತ್ತು. ಎರಡು ವರ್ಷ ಹಿಂಗ ಹೋತು.

ಈಗ ನಮ್ಮ ರಸ್ತೆ ಗ್ಯಾಂಗಿನ ಇಬ್ಬರಿಗೆ ಕಲಿಸೀವಿ. ಅವರು ಹೆಂಗೂ ಮಳ್ಯಾಗ ಮೋರಿ ಕಟ್ಟಿದ್ದು ಬಿಡಿಸಾಕ ಹೊರಗ ಇರತಾರ.

ಹಳೇ ರೆಗ್ಯುಲೇಟರ್
@ಜೋಳದ ಸೀಮೆ ನಿಮ್ಮ ಅನುಭವ ಸರಿ, ಆದರೆ ಓದೋರು ಗಾಬರಿ ಆಗಬಾರದು. 72 ಗಂಟೆ, ಅರ್ಧ ಗಂಟೆಯ ಲೆಕ್ಕ ಮಳೆ ಸ್ಯಾಂಪಲ್ ಕೇಳೋ ಪರ್ಮಿಟ್‌ಗಳದ್ದು. ಫೇಸ್ ಟೂ ಸಣ್ಣ ಊರುಗಳಿಗೆ ಎಷ್ಟೋ ಕಡೆ ಮಳೆಯಲ್ಲಿ ಸ್ಯಾಂಪಲ್ ತೆಗೆಯೋ ಷರತ್ತೇ ಇರಲ್ಲ, ಒಣದಿನದಲ್ಲಿ ಔಟ್‌ಫಾಲ್ ನೋಡೋದು ಇರುತ್ತೆ. ಒಂಟಿ ಎಂಜಿನಿಯರ್ ಅವರೇ, ನಿಮ್ಮ ಪರ್ಮಿಟ್ ತೆಗೆದು "ಮಾಡತಕ್ಕದ್ದು" ಅಂತಿರೋ ಪ್ರತಿ ಸಾಲಿಗೂ ಗೆರೆ ಎಳೀರಿ. ಆ ಗೆರೆ ಎಳೆಯೋ ಕೆಲಸ ಮಾತ್ರ ಕನ್ಸಲ್ಟೆಂಟ್ ಕೈಲಿ ಮಾಡಿಸಬೇಡಿ.

ಜೋಳದ ಸೀಮೆ
ಬರೋಬ್ಬರಿ. ನಮ್ಮದು ಕಲುಷಿತ ಹಳ್ಳದ ಪಟ್ಟಿಯಾಗ ಇತ್ರಿ, ಅದಕ್ಕ ಹಂಗ.

ಟೆಂಡರ್ ಹುಳು
ಇಲ್ಲಿ ಯಾರೂ ಮುಟ್ಟದ ವಿಷಯ: ಕನ್ಸಲ್ಟೆಂಟನ್ನ ಆಯ್ಕೆ ಮಾಡೋದು ಹೇಗೆ. ನಮ್ಮ ಹೊಸ ಸೂಪರ್‌ವೈಸರ್ "ಯಾರು ಕಮ್ಮಿ ಹೇಳ್ತಾರೋ ಅವರಿಗೆ ಕೊಡು" ಅಂದ್ರು. ಎಂಜಿನಿಯರಿಂಗ್ ಸೇವೆಗೆ ಹಾಗೆ ಮಾಡೋ ಹಾಗಿಲ್ಲ. ಫೆಡರಲ್ ಮಟ್ಟದಲ್ಲಿ 1972ರ ಬ್ರೂಕ್ಸ್ ಕಾಯ್ದೆ ಇದೆ: ಮೊದಲು ಅರ್ಹತೆ ನೋಡಿ ಸಾಲು ಹಚ್ಚಬೇಕು, ಆಮೇಲೆ ಮೊದಲನೆಯವರ ಜೊತೆ ದರದ ಮಾತು. ಹೆಚ್ಚಿನ ರಾಜ್ಯಗಳಲ್ಲಿ ಅದರದೇ ಮರಿಗಳಿವೆ. ಬರೀ ತಪಾಸಣೆ, ತರಬೇತಿ ಕೊಡೋದಾದ್ರೆ ಬೇರೆ ದಾರಿ ಇರಬಹುದು. ನಿಮ್ಮ ಖರೀದಿ ವಿಭಾಗದವರನ್ನ ಮೊದಲ ದಿನವೇ ಕೂರಿಸ್ಕೊಳ್ಳಿ, ಕೊನೇ ದಿನ ಅಲ್ಲ.

ಒಪ್ಪಂದ ಹೇಗಿರಬೇಕು ಅಂದ್ರೆ, "ಮಳೆನೀರು ಪರ್ಮಿಟ್ ನೆರವು" ಅಂತ ಒಂದೇ ಸಾಲಿನ ಕೆಲಸ ಬರೀಬೇಡಿ, ಅದು ತಳ ಇಲ್ಲದ ಬಾವಿ. ಮೇಲೊಂದು ಮೂರು ವರ್ಷದ ಆನ್-ಕಾಲ್ (ಬೇಕಾದಾಗ ಕರೆಯೋ) ಒಪ್ಪಂದ, ಅದರ ಕೆಳಗೆ ಸಣ್ಣ ಸಣ್ಣ ಟಾಸ್ಕ್ ಆರ್ಡರ್, ಅಂದ್ರೆ ಒಂದೊಂದು ಕೆಲಸಕ್ಕೆ ಒಂದೊಂದು ಆದೇಶ. ಪ್ರತಿಯೊಂದಕ್ಕೂ ಇಷ್ಟನ್ನ ಮೀರುವಂತಿಲ್ಲ ಅನ್ನೋ ಮಿತಿ, ಕೈಗೆ ಬರೋ ವಸ್ತು ಏನು ಅನ್ನೋದು, ತಾರೀಖು.

ಆಮೇಲೆ ಡೇಟಾ! ಇದನ್ನ ಮರೆತು ನಾವು ಅಳಬೇಕಾಯ್ತು. ಒಪ್ಪಂದ ಮುಗಿದ ಮೇಲೆ ಮ್ಯಾಪ್ ಕೇಳಿದ್ರೆ ಪಿಡಿಎಫ್ ಕಳಿಸಿದ್ರು. ಪಿಡಿಎಫ್! ಬಣ್ಣ ಬಣ್ಣದ ಚಿತ್ರ. ಒಳಗಿನ ಡೇಟಾ ಅವರ ಸಾಫ್ಟ್‌ವೇರ್‌ನಲ್ಲೇ ಉಳಿದಿತ್ತು, ತೆರೆದು ನೋಡ್ಬೇಕಂದ್ರೆ ನಾವು ಚಂದಾ ಕಟ್ಟಬೇಕಂತೆ. ನಮ್ಮ ಊರಿನ ಮೋರಿ ನೋಡೋಕೆ ನಾವೇ ಬಾಡಿಗೆ. ಜಿಐಎಸ್ ಮೂಲ ಫೈಲು, ಫೋಟೋ, ಫೀಲ್ಡ್ ಶೀಟು ಎಲ್ಲಾ ನಗರದ ಆಸ್ತಿ, ಪ್ರತಿ ತಿಂಗಳು ನಗರದ ಸರ್ವರ್‌ಗೆ ಬರಬೇಕು, ಬಾರದಿದ್ರೆ ಬಿಲ್ ಪಾಸಾಗಲ್ಲ ಅಂತ ಬರೀರಿ. ದಾಖಲೆಯನ್ನ ಕನಿಷ್ಠ ಮೂರು ವರ್ಷ ಇಡಬೇಕಾದ್ದು ನಿಮ್ಮ ಕರ್ತವ್ಯ, ಅವರದಲ್ಲ.

ಗಂಟೆ ಲೆಕ್ಕದವ
@ಟೆಂಡರ್ ಹುಳು ಪಿಡಿಎಫ್ ವಿಷಯಕ್ಕೆ ನನ್ನ ವಿರೋಧ ಇಲ್ಲ, ಅದು ನಾಚಿಕೆಗೇಡು. ಆದ್ರೆ ಪ್ರತಿ ಸಣ್ಣ ಕೆಲಸಕ್ಕೂ ಟಾಸ್ಕ್ ಆರ್ಡರ್ ಅಂದ್ರೆ ಕಾಗದ ಓಡಾಡೋದಕ್ಕೇ ತಿಂಗಳು ಹೋಗುತ್ತೆ. ಮೋರಿಯಲ್ಲಿ ಬಣ್ಣದ ನೀರು ಬಂತು ಅಂತ ಫೋನ್ ಬಂದಾಗ ನಾನು ಟಾಸ್ಕ್ ಆರ್ಡರ್‌ಗೆ ಕಾಯ್ಬೇಕಾ?

ಟೆಂಡರ್ ಹುಳು
ತುರ್ತಿಗೆ ಅಂತ ಒಂದು ಟಾಸ್ಕ್ ಆರ್ಡರ್ ಮೊದಲೇ ತೆರೆದಿಡಿ. ಇಷ್ಟಕ್ಕೆ ಯಾಕೆ ಜಗಳ.

ಕಡಲ ಬದಿ
ಮಾರಾಯ್ರೆ, ಮುಖ್ಯದ್ದನ್ನೇ ಬಿಟ್ರಲ್ಲ. ಇಲ್ಲಿ ಒಂದು ಕಂಪನಿ ಬಿಲ್ಡರ್‌ನ ಲೇಔಟಿಗೆ ಮಳೆನೀರಿನ ಪ್ಲಾನ್ ಮಾಡಿ ಕೊಟ್ಟಿತ್ತು. ಅದೇ ಕಂಪನಿ ನಗರದ ಪರವಾಗಿ ಪ್ಲಾನ್ ರಿವ್ಯೂ ಮಾಡುವ ಒಪ್ಪಂದದಲ್ಲೂ ಉಂಟು! ಬೇಲಿಯೇ ಎದ್ದು ಹೊಲ ಮೇಯುವುದು ಅಂದ್ರೆ ಇದೇ ಅಲ್ವಾ. ಕೇಳಿದ್ರೆ "ಬೇರೆ ಬೇರೆ ಬ್ರಾಂಚು" ಅಂತ. ಎಂತ ಬೇರೆ? ಕಾಫಿ ಮೆಷಿನ್ ಬೇರೆ ಇರಬಹುದು. ನಿಮ್ಮ ಗಡಿಯೊಳಗೆ ಖಾಸಗಿ ಗಿರಾಕಿ ಯಾರ್ಯಾರು ಅಂತ ಮೊದಲೇ ಬರೆದು ಕೊಡ್ಲಿಕ್ಕೆ ಹೇಳಿ.

ಇನ್ನೊಂದು. ಒಬ್ಬರೇ ಯಾಕೆ ಮಾಡುವುದು? ನಮ್ಮಲ್ಲಿ ಅಕ್ಕಪಕ್ಕದ ಊರಿನವರು ಸೇರಿ ಒಬ್ಬರನ್ನೇ ಇಟ್ಟುಕೊಂಡಿದ್ದೇವೆ. ಹಳ್ಳ ಒಂದೇ ಅಲ್ವಾ, ಅದಕ್ಕೆ ಊರಿನ ಗಡಿ ಗೊತ್ತುಂಟಾ? ಜನರಿಗೆ ತಿಳುವಳಿಕೆ ಕೊಡುವ ಕೆಲಸ, ಸಿಬ್ಬಂದಿ ತರಬೇತಿ ಎಲ್ಲ ಹಂಚಿಕೊಂಡು ಮಾಡ್ಲಿಕ್ಕೆ ಆಗ್ತದೆ.

ಅರ್ಜೆಂಟ್ ರಾಯ
ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀರಿ? ಹೋದ ವರ್ಷವೋ ಏನೋ ಸುಪ್ರೀಂ ಕೋರ್ಟೇ ಈ ಪರ್ಮಿಟ್ ಷರತ್ತೆಲ್ಲ ಹೊಡೆದು ಹಾಕ್ತಲ್ಲ.

ಹಳೇ ರೆಗ್ಯುಲೇಟರ್
@ಅರ್ಜೆಂಟ್ ರಾಯ ಹೆಡ್ಡಿಂಗ್ ಓದಿ ಬಂದಿದ್ದೀರಿ. ಸ್ಯಾನ್ ಫ್ರಾನ್ಸಿಸ್ಕೋ ವರ್ಸಸ್ ಇಪಿಎ (ಫೆಡರಲ್ ಪರಿಸರ ಸಂಸ್ಥೆ), ಮಾರ್ಚ್ 2025. ಕೋರ್ಟ್ ತೆಗೆದಿದ್ದು "ಹಳ್ಳದ ನೀರಿನ ಗುಣಮಟ್ಟ ಕೆಡಬಾರದು" ಅಂತ ಬರೀ ಅಂತಿಮ ಫಲವನ್ನ ಹೇಳಿ, ಅದಕ್ಕೆ ಏನು ಮಾಡಬೇಕು ಅಂತ ಹೇಳದೇ ಬಿಡೋ ಷರತ್ತುಗಳನ್ನ. ಏನು ಮಾಡಬೇಕು ಅಂತ ಹೇಳೋ ಷರತ್ತು ಹಾಗೇ ಇವೆ. ಮ್ಯಾಪ್ ಮಾಡು, ಸೈಟ್ ನೋಡು, ದಾಖಲೆ ಇಡು, ಇದ್ಯಾವುದೂ ಹೋಗಿಲ್ಲ. ನನ್ನ ಅಂದಾಜಲ್ಲಿ ಇನ್ನು ಮುಂದೆ ಇಂಥ ಬಿಡಿ ಬಿಡಿ ಷರತ್ತುಗಳೇ ಜಾಸ್ತಿ ಆಗ್ತವೆ. ಕನ್ಸಲ್ಟೆಂಟ್‌ಗಳಿಗೆ ಸುಗ್ಗಿ.

ದಂಡದ ವಿಷಯ ಕೂಡ ಹೇಳ್ಬಿಡ್ತೀನಿ. 1987ರ ತಿದ್ದುಪಡಿಯಲ್ಲಿ ಒಂದು ಉಲ್ಲಂಘನೆಗೆ ದಿನಕ್ಕೆ ಗರಿಷ್ಠ 25,000 ಡಾಲರ್ ಅಂತಿತ್ತು, ಹಣದುಬ್ಬರ ಸೇರಿಸಿ ಸೇರಿಸಿ ಈಗ 60,000 ದಾಟಿದೆ. ಸಣ್ಣ ಊರಿಗೆ ಅಷ್ಟು ಹಾಕೋದು ಅಪರೂಪ. ಆದರೆ ಸರ್ಕಾರ ಸುಮ್ಮನಿದ್ರೂ ಊರಿನ ಜನ 60 ದಿನದ ನೋಟಿಸ್ ಕೊಟ್ಟು ಕೋರ್ಟಿಗೆ ಹೋಗಬಹುದು, ಅದನ್ನ ಮರೀಬೇಡಿ.

ಗಂಟೆ ಲೆಕ್ಕದವ
ಸುಗ್ಗಿ ಅಂದಿದ್ದು ಕೇಳಿಸ್ತು ಸರ್.

ಹಾರೆ ಪಿಕಾಸಿ
ಕಟ್ಟಡ ಸೈಟ್ ತಪಾಸಣೆ ಯಾಕೆ ತಲೆನೋವು? ಕಾಂಟ್ರಾಕ್ಟರೇ ಏಳು ದಿನಕ್ಕೊಮ್ಮೆ ನೋಡಿ ಬರೀತಾನಲ್ಲ, ಇಲ್ಲಾಂದ್ರೆ 14 ದಿನಕ್ಕೊಮ್ಮೆ ಮತ್ತೆ ಕಾಲಿಂಚು ಮಳೆ ಬಿದ್ದ 24 ಗಂಟೆಯೊಳಗೆ. ಆ ಕಾಗದ ಇಸ್ಕೊಂಡು ಫೈಲ್‌ಗೆ ಹಾಕಿದ್ರೆ ಮುಗೀತು.

ನೀರುಗಂಟಿ
@ಹಾರೆ ಪಿಕಾಸಿ ಎಲ್ಲರೂ ಬೀಳೋ ಗುಂಡಿ ಇದೇ. ಅದು ಕಾಂಟ್ರಾಕ್ಟರ್ ತನ್ನ ಪರ್ಮಿಟ್‌ಗೆ ತಾನೇ ಮಾಡ್ಕೊಳ್ಳೋ ತಪಾಸಣೆ. ಒಂದು ಎಕರೆ ಮತ್ತು ಮೇಲೆ ನೆಲ ಕೆದಕಿದ್ರೆ ಅವನಿಗೆ ಆ ಪರ್ಮಿಟ್ ಬೇಕು. ಅವನು ಸರಿಯಾಗಿ ಮಾಡ್ತಿದ್ದಾನಾ ಅಂತ ನೋಡೋದು ನಗರದ ತಪಾಸಣೆ, ಅದು ಬೇರೆ, ಅದರ ದಾಖಲೆಯೂ ಬೇರೆ. ಹುಡುಗ ತಾನೇ ಬರೆದು ತಾನೇ ಮಾರ್ಕ್ಸ್ ಹಾಕ್ಕೊಂಡ ಉತ್ತರಪತ್ರಿಕೆ ಇಸ್ಕೊಂಡು ಮೇಷ್ಟ್ರು ಫೈಲ್ ಮಾಡಿದ ಹಾಗಾಯ್ತು.

ಒಂಟಿ ಎಂಜಿನಿಯರ್ ಅವರೇ, ತಪಾಸಣೆಯನ್ನ ಕನ್ಸಲ್ಟೆಂಟ್‌ಗೆ ಕೊಡಬಹುದು, ಆದ್ರೆ ಕೆಲಸ ನಿಲ್ಲಿಸು ಅನ್ನೋ ಅಧಿಕಾರ ನಿಮ್ಮಲ್ಲೇ ಇರ್ಲಿ. ಹೂಳು ಬೇಲಿ (ಸೈಟಿನ ಮಣ್ಣು ಹರಿದುಹೋಗದ ಹಾಗೆ ಕಟ್ಟೋ ಬಟ್ಟೆ ಬೇಲಿ) ಬಿದ್ದುಹೋಗಿದೆ ಅಂತ ಅವರು ಫೋಟೋ ಕಳಿಸಿದ ದಿನವೇ ನಿಮ್ಮ ಕಡೆಯಿಂದ ನೋಟಿಸ್ ಹೋಗಬೇಕು. ನಮ್ಮಲ್ಲಿ ಆರು ತಿಂಗಳ ಫೋಟೋ ಸಾಲಾಗಿ ಇತ್ತು, ಒಂದೇ ಬೇಲಿ, ಒಂದೇ ಕಡೆ ಬಿದ್ದಿದ್ದು, ಯಾರೂ ಏನೂ ಮಾಡಿಲ್ಲ. ಆಡಿಟ್‌ನವರಿಗೆ ನಾವೇ ಸಾಕ್ಷಿ ಜೋಡಿಸಿ ಕೊಟ್ಟ ಹಾಗಾಯ್ತು.

ಅಮ್ಮನ ಬುತ್ತಿ
ನಾನು ಒಂದು ಕೌಂಟಿಯಲ್ಲಿ ಅಕ್ರಮ ಹರಿವು ಪತ್ತೆ ಕೆಲಸ ಮಾಡ್ತಿದ್ದವಳು, ಈಗ ಬಿಟ್ಟಿದ್ದೀನಿ. ಒಂದು ಘಟನೆ ಹೇಳ್ತೀನಿ, ಉದ್ದ ಆದ್ರೆ ಕ್ಷಮಿಸಿ.

ಒಂದು ಔಟ್‌ಫಾಲ್‌ನಲ್ಲಿ ಮಳೆ ಇಲ್ಲದ ದಿನವೂ ಸಣ್ಣಗೆ ನೀರು ಜಿನುಗ್ತಿತ್ತು. ಕನ್ಸಲ್ಟೆಂಟ್ ತಂಡ ಮೂರು ಸಲ ಬಂದು ಹೋಯ್ತು. ಒಂದು ಸಲ ಅಮೋನಿಯಾ ಕಾಣ್ತು, ಒಂದು ಸಲ ಡಿಟರ್ಜೆಂಟ್, ಇನ್ನೊಂದು ಸಲ ಎರಡೂ ಇಲ್ಲ. ವರದಿಯಲ್ಲಿ "ಮೂಲ ಪತ್ತೆಯಾಗಿಲ್ಲ, ಮತ್ತೆ ಸ್ಕ್ರೀನಿಂಗ್ ಮಾಡಲು ಶಿಫಾರಸು." ಅವರ ತಪ್ಪೇನಲ್ಲ, ಅವರು ಬಂದಿದ್ದು ಮಂಗಳವಾರ ಹತ್ತು ಗಂಟೆಗೆ, ಬುಧವಾರ ಹನ್ನೊಂದಕ್ಕೆ, ಹೀಗೆ.

ಒಂದಿನ ರಸ್ತೆ ಗುಡಿಸೋ ಗಾಡಿಯ ಡ್ರೈವರ್ ಹತ್ರ ಸುಮ್ನೆ ಮಾತಾಡ್ತಾ ಇದ್ದೆ. ಅವನು "ಆ ತಿರುವಿನ ಮ್ಯಾನ್‌ಹೋಲಾ? ಭಾನುವಾರ ಬೆಳಗ್ಗೆ ಅಲ್ಲಿ ಸೋಪಿನ ವಾಸನೆ ಇರುತ್ತೆ, ನಂಗೆ ಇಷ್ಟ" ಅಂದ. ಇಷ್ಟ ಅಂತೆ! ಮುಂದಿನ ಭಾನುವಾರ ಹೋಗಿ ಮೇಲಿನ ಮ್ಯಾನ್‌ಹೋಲ್‌ಗಳನ್ನ ಒಂದೊಂದಾಗಿ ತೆರೆದು ನೋಡಿದ್ವಿ. ನೊರೆ ಒಂದು ಅಪಾರ್ಟ್‌ಮೆಂಟಿನ ಕಡೆಯಿಂದ ಬರ್ತಿತ್ತು. ಡೈ ಹಾಕಿದ್ವಿ, ಹತ್ತು ನಿಮಿಷದಲ್ಲಿ ಹಸಿರು ನೀರು ಮೋರಿಗೆ ಬಂತು. ಬಟ್ಟೆ ಒಗೆಯೋ ಕೋಣೆಯ ಕೊಳವೆಯನ್ನ ಯಾವಾಗಲೋ ಯಾರೋ ತಪ್ಪು ಕೊಳವೆಗೆ ಜೋಡಿಸಿದ್ರು. ಜನ ಒಗೆಯೋದು ವಾರಾಂತ್ಯದಲ್ಲಿ, ತಂಡ ಬರೋದು ವಾರದ ದಿನ.

ನಂಗೆ ಅವತ್ತಿಂದ ಅನ್ಸಿದ್ದು, ಕಿಟ್ಟು, ಫಾರ್ಮು, ಲ್ಯಾಬು ಹೊರಗಿನವರದ್ದು ಇರ್ಲಿ, ಆದ್ರೆ ಮೂಗು ಊರಿನವರದ್ದೇ ಇರ್ಬೇಕು. ಕಸದ ಗಾಡಿಯವರು, ಹುಲ್ಲು ಕತ್ತರಿಸೋರು, ಮೀಟರ್ ಓದೋರು ಇವರಿಗೆಲ್ಲ ತರಬೇತಿ ಕೊಡೋಕೆ ಕನ್ಸಲ್ಟೆಂಟ್ ಬೇಡ. ಅರ್ಧ ಗಂಟೆ ಮಾತು, ಎಂಟು ಹತ್ತು ಫೋಟೋ, ಫೋನ್ ಮಾಡೋಕೆ ಒಂದು ನಂಬರ್. ಅದೂ ಪರ್ಮಿಟ್ಟಿನ ಲೆಕ್ಕಕ್ಕೇ ಬರುತ್ತೆ.

ಕಡಲ ಬದಿ
@ಅಮ್ಮನ ಬುತ್ತಿ ಅಕ್ಕಾ, "ನಂಗೆ ಇಷ್ಟ" ಅಂದದ್ದು ಓದಿ ಆಫೀಸಿನಲ್ಲಿ ಜೋರಾಗಿ ನಗಾಡಿದೆ.

ಗಂಟೆ ಲೆಕ್ಕದವ
@ಅಮ್ಮನ ಬುತ್ತಿ ಮೇಡಂ, ಭಾನುವಾರ ಬರಬೇಕಂದ್ರೆ ಓವರ್‌ಟೈಮ್ ದರ ಅಂತ ಒಪ್ಪಂದದಲ್ಲಿ ಯಾರೂ ಬರೆಯಲ್ಲ. ಆದ್ರೂ ಒಪ್ತೀನಿ. ನಾವು ಮೊದಲ ದಿನವೇ ಆ ಡ್ರೈವರ್ ಜೊತೆ ಒಂದು ಕಾಫಿ ಕುಡೀಬೇಕಿತ್ತು. ಮುಂದಿನ ಪ್ರಪೋಸಲ್‌ನಲ್ಲಿ "ಫೀಲ್ಡ್ ಸಿಬ್ಬಂದಿ ಜೊತೆ ಅರ್ಧ ದಿನ" ಅಂತ ಸೇರಿಸ್ತೀನಿ.

ಕೊಡೆ ಮರೆತವ
ಕಾಫಿಗೂ ಬಿಲ್ ಹಾಕ್ತಾರೆ ನೋಡ್ತಾ ಇರಿ.

ಅರ್ಜೆಂಟ್ ರಾಯ
ಹಾಗಾದ್ರೆ ಕನ್ಸಲ್ಟೆಂಟ್ ಬೇಕಾ ಬೇಡ್ವಾ, ಒಂದು ಮಾತಲ್ಲಿ ಹೇಳ್ರಪ್ಪ.

ಟೆಂಡರ್ ಹುಳು
ಒಂದು ಮಾತಲ್ಲಿ ಹೇಳೋ ಹಾಗಿದ್ರೆ ಟೆಂಡರ್ ಡಾಕ್ಯುಮೆಂಟ್ 80 ಪುಟ ಯಾಕಿರ್ತಿತ್ತು.

ಒಂಟಿ ಎಂಜಿನಿಯರ್
ನಾಲ್ಕು ದಿನದ ನಂತರ ಬರ್ತಿದ್ದೀನಿ. ಎಲ್ಲರಿಗೂ ಧನ್ಯವಾದ, ಪ್ರಿಂಟ್ ತೆಗೆದು ಓದಿದೆ.

@ಹಳೇ ರೆಗ್ಯುಲೇಟರ್ ಗೆರೆ ಎಳೆದೆ ಸರ್, ನೀವು ಹೇಳಿದ ಹಾಗೆ. ಅರ್ಧಕ್ಕಿಂತ ಜಾಸ್ತಿ ಸಾಲು ನಾವು ಹೇಗೂ ಮಾಡ್ತಿರೋ ಕೆಲಸ, ಬರೆದಿಟ್ಟಿಲ್ಲ ಅಷ್ಟೆ. ಕ್ಯಾಚ್ ಬೇಸಿನ್ (ರಸ್ತೆ ಬದಿಯ ಮೋರಿ ಗುಂಡಿ) ಹೂಳು ತೆಗೆಯೋದು, ರಸ್ತೆ ಗುಡಿಸೋದು, ಉಪ್ಪಿನ ಶೆಡ್‌ಗೆ ಮುಚ್ಚಿಗೆ. ಮ್ಯಾಪ್ ಮತ್ತು ಬಾಕಿ ಸ್ಕ್ರೀನಿಂಗ್ ಹೊರಗೆ ಕೊಡೋದು, ಎರಡು ಟಾಸ್ಕ್ ಆರ್ಡರ್. ಸೈಟ್ ತಪಾಸಣೆಯನ್ನ ಪಕ್ಕದ ಊರಿನ ಜೊತೆ ಹಂಚ್ಕೊಳ್ಳೋಕೆ ಮಾತಾಡ್ತಿದ್ದೀವಿ, ಅವರಿಗೂ ಇದೇ ಗೋಳು. ವಾರ್ಷಿಕ ವರದಿ ನಾನೇ ಬರೀತೀನಿ. ಡೈರೆಕ್ಟರಿಗೆ ಆ ಸಹಿ ಒಕ್ಕಣೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷ ಇದಕ್ಕಾ ನಾನು ಸಹಿ ಹಾಕ್ತಿದ್ದಿದ್ದು?" ಅಂದ್ರು. ಈಗ ತಿಂಗಳಿಗೊಂದು ಮೀಟಿಂಗ್ ಅವರೇ ಕರೆದಿದ್ದಾರೆ.

ರಿಟೈರ್ ಆದವರಿಗೂ ಫೋನ್ ಮಾಡಿದ್ದೆ. ಯಾಕೋ ಇಷ್ಟು ದಿನ ಹೊಳೆದಿರ್ಲಿಲ್ಲ. ಮೂರನೇ ಫೋಲ್ಡರ್ರೇ ಸರಿಯಂತೆ.

ಜೋಳದ ಸೀಮೆ
ಅವರನ್ನೇ ಕನ್ಸಲ್ಟೆಂಟ್ ಮಾಡ್ಕೊಂಡು ಬಿಡ್ರಿ, ಅಗ್ಗ ಆಗತದ 😄

ಟೆಂಡರ್ ಹುಳು
ರಿಟೈರ್ ಆದವರನ್ನ ವಾಪಸ್ ತಗೊಳ್ಳೋಕೆ ಎಷ್ಟೋ ಕಡೆ ಕಾಯೋ ಅವಧಿ ಇರುತ್ತೆ, ಮೊದಲು ಎಚ್‌ಆರ್ ಕೇಳಿ. ನಗೋಕೂ ಬಿಡಲ್ಲ ನಾನು, ಕ್ಷಮಿಸಿ.

ಒಂಟಿ ಎಂಜಿನಿಯರ್
ಕೇಳಿದೆ, ಇದೆ. ಊಟಕ್ಕೆ ಕರೆದಿದ್ದೀನಿ, ಅದಕ್ಕೆ ಅವಧಿ ಇಲ್ವಲ್ಲ.

ನಾಳೆಯಿಂದ ಮೂರು ದಿನ ಒಣ ಹವೆ ಅಂತಿದೆ. ನಮ್ಮ ಪರ್ಮಿಟ್ ಪ್ರಕಾರ ಸ್ಕ್ರೀನಿಂಗ್‌ಗೆ ಅಷ್ಟು ಸಾಕು. ಹುಲ್ಲು ಕತ್ತರಿಸೋ ಇಬ್ಬರು ಜೊತೆಗೆ ಬರ್ತೀವಿ ಅಂದಿದ್ದಾರೆ. ಅಮೋನಿಯಾ ಕಿಟ್ ಎಕ್ಸ್‌ಪೈರಿ ಆಗಿದೆಯಾ ಅಂತ ನೋಡ್ಬೇಕು.